ಡಿಜಿಟಲ್ ಸಹಿಯ ಕೊಳಗ ಯಾರ ಕೈಯಲ್ಲಿ?

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸಿಡಿದೆದ್ದಾಗ ಅವರ ತಕರಾರುಗಳಲ್ಲಿ ಮುಖ್ಯವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಅಳತೆಯ ಸಾಧನ ಒಡೆಯನ ಕೈಯಲ್ಲಿದ್ದು, ಅದನ್ನು ಪರೀಕ್ಷಿಸುವ ಹಕ್ಕು ರೈತನಿಗೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1974ರ ಭೂಸುಧಾರಣೆಯ ಬಳಿಕ ಅನೇಕ ಗೇಣಿದಾರರ ಹೆಸರು ಪಹಣಿಗೆ ಏರಿತು. ಆ ಪಹಣಿ ಈಗ ‘ಭೂಮಿ’ ಯೋಜನೆಯ ಕಂಪ್ಯೂಟರಿನಿಂದ ಡಿಜಿಟಲ್ ಸಹಿ ಹೊತ್ತು ಬರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅಂಥ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ.

ಸಹಿ ನಿಜವೇ ಎಂದು ತಿಳಿಯುವ ಬಗೆ ಎಂತು? ಇಡೀ ದಾಖಲೆಯನ್ನು ಒಂದು ಪುಟ್ಟ ಸಂಖ್ಯೆಗೆ ಇಳಿಸಿ, ಅಧಿಕಾರಿಯ ಸಾರ್ವಜನಿಕ ಕೀಲಿಯೊಡನೆ ತಾಳೆ ನೋಡಬೇಕು. ಈ ಲೆಕ್ಕವನ್ನು ಮಾಡುವುದು ಗೂಢಲಿಪಿಯ ತಂತ್ರಾಂಶ. ಅದರಲ್ಲಿ ಜಗತ್ತೇ ನೆಚ್ಚಿಕೊಂಡಿರುವ ‘ಓಪನ್ ಎಸ್‌ಎಸ್‌ಎಲ್’ 1998ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ಮೂಲ ಸಂಕೇತ ಎಲ್ಲರ ಕಣ್ಣಿಗೂ ತೆರೆದಿದೆ.

ತೆರೆದಿದೆ, ನಿಜ. ಆದರೆ ನಮ್ಮ ಕಾಲೇಜು, ಸೈಬರ್ ಕೇಂದ್ರಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್. ಓಪನ್ ಎಸ್‌ಎಸ್‌ಎಲ್ ತಂಡವಾದರೋ ಮೂಲ ಸಂಕೇತವನ್ನಷ್ಟೇ ಹಂಚುವುದು ವಾಡಿಕೆ. ವಿಂಡೋಸ್‌ಗೆ ಒಗ್ಗುವಂತೆ ಕಟ್ಟಿಕೊಳ್ಳುವ ಹೊಣೆ ಬಳಕೆದಾರನದು. ಪರ್ಲ್ ಬೇಕು, ನ್ಯಾಸ್ಮ್ ಬೇಕು, ಮೈಕ್ರೋಸಾಫ್ಟಿನ ಕಂಪೈಲರ್ ಬೇಕು. 32 ಬಿಟ್ ಪರಿಸರದಲ್ಲಿ 64 ಬಿಟ್‌ನದನ್ನು ಕಟ್ಟಹೊರಟರೆ ಕೆಲಸ ಕೆಡುತ್ತದೆ. ಕೊನೆಯಲ್ಲಿ ನಡೆಸಬೇಕಾದ ಪರೀಕ್ಷೆಗಳನ್ನು ಬಿಟ್ಟುಬಿಡುವವರೇ ಹೆಚ್ಚು. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರಂತೂ ಮುಗಿಯಿತು. ಲಿಂಗನಮಕ್ಕಿಗೆ ನೆಲ ಬಿಟ್ಟುಕೊಟ್ಟ ಊರುಗಳ ವಿಪರ್ಯಾಸ ಇದು!

ಹಾಗಾಗಿ ಜನ ಎಲ್ಲಿಂದಲೋ ಸಿದ್ಧ ಕಡತವನ್ನು ಇಳಿಸಿಕೊಳ್ಳುತ್ತಾರೆ. ಕಟ್ಟಿದವರು ಯಾರು, ಅದರೊಳಗೆ ಏನು ಸೇರಿಸಿದ್ದಾರೆ ಎಂದು ಕೇಳುವುದಿಲ್ಲ. ಕೊಳಗ ಮತ್ತೆ ಪರರ ಕೈಗೆ ಹೋಯಿತು.

ಇದು ಬರಿಯ ಶಂಕೆಯಲ್ಲ. 2014ರ ಜುಲೈನಲ್ಲಿ ನಮ್ಮದೇ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್‌ನ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ಭಾರತದ ಮೂಲ ಪ್ರಮಾಣಪತ್ರವನ್ನು ವಿಂಡೋಸ್ ನಂಬುತ್ತಿದ್ದುದರಿಂದ ಅಪಾಯಕ್ಕೆ ಒಡ್ಡಿಕೊಂಡವರು ಮುಖ್ಯವಾಗಿ ವಿಂಡೋಸ್ ಬಳಕೆದಾರರೇ. ಮುಕ್ತವಾಗಿದ್ದ ಮಾತ್ರಕ್ಕೆ ಎಲ್ಲವೂ ಕ್ಷೇಮ ಎಂದೂ ಹೇಳಲಾಗದು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷ ಓಪನ್ ಎಸ್‌ಎಸ್‌ಎಲ್‌ನಲ್ಲಿ ಎರಡು ವರ್ಷ ಎಲ್ಲರ ಕಣ್ಣೆದುರೇ ಅಡಗಿತ್ತು. ಓದುವ ಹಕ್ಕು ಎಲ್ಲರಿಗೂ ಇತ್ತು, ಓದುವ ಕೆಲಸ ಯಾರದೂ ಆಗಿರಲಿಲ್ಲ.

ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಪ್ರಕಟಿಸಿತು. ನೀತಿ ಕಾಗದದಲ್ಲಿದ್ದರೆ ಸಾಲದು. ಸಹಿಯುಳ್ಳ ದಾಖಲೆ ಕೊಡುವ ಇಲಾಖೆಯು ಅದನ್ನು ಪರಿಶೀಲಿಸುವ ತಂತ್ರಾಂಶದ ಮೂಲವನ್ನೂ, ವಿಂಡೋಸ್‌ನಲ್ಲಿ ಕಟ್ಟುವ ಕ್ರಮವನ್ನೂ ಕನ್ನಡದಲ್ಲೇ ಕೊಡಲಿ. ಶಿವಮೊಗ್ಗ ಜಿಲ್ಲೆಯ ಪಾಲಿಟೆಕ್ನಿಕ್‌ಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಇದನ್ನು ಪ್ರಯೋಗಾಲಯದ ಪಾಠವಾಗಿಸಲಿ. ಎರಡು ಕಾಲೇಜುಗಳು ಬೇರೆಬೇರೆಯಾಗಿ ಕಟ್ಟಿ ಫಲಿತಾಂಶವನ್ನು ಹೋಲಿಸಿದರೆ ಕಳ್ಳತನ ಅಡಗುವುದು ಕಷ್ಟ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಒಂದು ಸೆಮಿಸ್ಟರ್, ನಾಲ್ಕಾರು ಕಂಪ್ಯೂಟರ್, ಆಸಕ್ತಿಯುಳ್ಳ ಒಬ್ಬ ಉಪನ್ಯಾಸಕರು ಸಾಕು. ಜೊತೆಗೊಂದು ಯುಪಿಎಸ್ ಇದ್ದರೆ ಒಳ್ಳೆಯದು.