ಮಗುವಿನ ಕೈಗೆ ಹಿಡಿಮಣ್ಣು, ಹಿಡಿಹಿಟ್ಟು



ಇಂಡಿ ತಾಲೂಕಿನ ಭಕ್ತರೊಬ್ಬರ ಮನೆಗೆ ನಾವು ಪ್ರಸಾದಕ್ಕೆಂದು ಹೋದಾಗ ಅಡುಗೆಮನೆಯಲ್ಲಿ ಒಂದು ಸಣ್ಣ ವಾದ ನಡೆದಿತ್ತು. ಸೊಸೆಯು ನಾಲ್ಕು ವರ್ಷದ ಮಗುವಿಗೆ ಆಡಲೆಂದು ಗೋದಿಹಿಟ್ಟನ್ನು ನಾದಿ ಕೊಟ್ಟಿದ್ದಳು. ಅತ್ತೆಯವರಿಗೆ ಅದು ಸಹನೆಯಾಗಲಿಲ್ಲ. "ಎಪ್ಪತ್ತೆರಡರ ಬರಾ ಕಂಡ ಮನೀರಿ ಇದು. ಹಿಟ್ಟಂದ್ರ ಆಟದ ಸಾಮಾನೇನ್ರಿ? ನೀವ ಹೇಳ್ರಿ ಶಾಸ್ತ್ರಿಗಳ" ಎಂದು ನಮ್ಮನ್ನೇ ಕೇಳಿದರು.

ಆ ತಾಯಿಯ ಮಾತು ತೂಕವುಳ್ಳದ್ದು. ಹಿಟ್ಟಿನಲ್ಲಿ ಒಕ್ಕಲಿಗನ ಕಾಯಕವಿದೆ. ಅದನ್ನು ಚೆಲ್ಲುವುದು ಸಲ್ಲದು. ಆದರೆ ಮಗುವಿನ ಬೆರಳುಗಳಿಗೂ ಒಂದು ಹಸಿವುಂಟು. ಹಿಚುಕಿ, ಉರುಳಿಸಿ, ಚಿವುಟಿ ಆಡಿದ ಬೆರಳೇ ಮುಂದೆ ಬಳಪವನ್ನು ಬಿಗಿಯಾಗಿ ಹಿಡಿಯುತ್ತದೆ.

ನಮ್ಮ ಹಿರಿಯರು ಇದಕ್ಕೆ ದಾರಿ ಕಂಡಿದ್ದರು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಜ್ಯೇಷ್ಠ ಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಎರೆಮಣ್ಣಿನಲ್ಲಿ ಎತ್ತು, ಗ್ವಾದಲಿಗಳನ್ನು ಮಾಡುತ್ತಲೇ ಮಕ್ಕಳ ಕೈ ಪಳಗುತ್ತಿತ್ತು. ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಕಲ್ಲು ಆರಿಸಿ, ತುಸು ಹತ್ತಿಯ ಎಳೆ ಕೂಡಿಸಿ ಮಿದ್ದರೆ ಬಿರುಕು ಕಡಿಮೆ. ಗಟಾರದ ಬದಿಯದಲ್ಲ, ಶುಚಿಯಾದ ಹೊಲದ ಮಣ್ಣೇ ಆಗಬೇಕು; ಆಟದ ಬಳಿಕ ಕೈ ತೊಳೆಸಬೇಕು.

ಪೇಟೆಯಲ್ಲಿ ಮಣ್ಣು ಸಿಗದವರಿಗೆ ಹಿಟ್ಟಿನ ಮುದ್ದೆ. ಇದೇನೂ ಹೊಸ ವಿದ್ಯೆಯಲ್ಲ. ಅಮೆರಿಕದಲ್ಲಿ ಗೋಡೆಗೆ ಅಂಟಿಸಿದ ಕಾಗದದ ಮಸಿ ತೆಗೆಯಲು ಮಾಡಿದ್ದ ಮುದ್ದೆಯೇ 1956ರಲ್ಲಿ ಮಕ್ಕಳ ಆಟಿಕೆಯಾಗಿ ಮಾರಾಟಕ್ಕೆ ಬಂದಿತು. ಮನೆಯಲ್ಲಿ ಮಾಡುವ ಕ್ರಮವಿಷ್ಟೆ: ಅರ್ಧ ಬಟ್ಟಲು ಬಿಸಿನೀರಿನಲ್ಲಿ ಅರ್ಧ ಬಟ್ಟಲು ಪುಡಿಯುಪ್ಪನ್ನು ಕದಡಿ, 1 ಚಮಚ ಎಣ್ಣೆ ಹಾಕಿ, 1 ಬಟ್ಟಲು ಗೋದಿಹಿಟ್ಟಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕೈಗೆ ಅಂಟದಂತೆ ನಾದಬೇಕು. ಬಣ್ಣಕ್ಕೆ ಅರಿಷಿಣ ಸಾಕು. ಜೋಳದ ಹಿಟ್ಟು ಇದಕ್ಕೆ ಒಗ್ಗದು. ಗೋದಿಯ ಜಿಗುಟು ಅದಕ್ಕಿಲ್ಲ, ಎಳೆದರೆ ಹರಿಯುತ್ತದೆ. ಉಪ್ಪು ಇರುವುದರಿಂದ ಬೇಗ ಬೂಸು ಹಿಡಿಯದು. ಮುಚ್ಚಳದ ಡಬ್ಬಿಯಲ್ಲಿಟ್ಟರೆ ವಾರವಿಡೀ ಆಡಬಹುದು. ವಾಸನೆ ಬಂದರೆ ಬಿಸಾಡಬೇಕು.

ಒಂದು ಎಚ್ಚರಿಕೆ. ಈ ಮುದ್ದೆಯಲ್ಲಿ ಉಪ್ಪು ಬಹಳ. ಹೆಚ್ಚು ತಿಂದರೆ ಮಗುವಿಗೆ ಅಪಾಯ, ನಾಯಿಗೂ ಅಪಾಯ. ಕಂಡದ್ದನ್ನೆಲ್ಲ ಬಾಯಿಗಿಡುವ ಕೂಸಿಗೆ ಇದು ಬೇಡ. ದೊಡ್ಡ ಮಗುವೂ ಹಿರಿಯರ ಕಣ್ಣೆದುರೇ ಆಡಲಿ.

ನಾವು ಅತ್ತೆ ಸೊಸೆಯರಿಬ್ಬರಿಗೂ ಹೇಳಿದ್ದು ಇಷ್ಟು: ಮಣ್ಣು ಸಿಕ್ಕಾಗ ಮಣ್ಣೇ ಇರಲಿ, ಸಿಗದಾಗ ಡಬ್ಬಿಯ ತಳದಲ್ಲುಳಿದ ಹಳೆಯ ಹಿಟ್ಟು, ಅದೂ ಅಳತೆಯಿಂದ. ಆ ಮುದ್ದೆಯನ್ನು ಜೋಪಾನವಾಗಿ ಎತ್ತಿಡುವುದನ್ನು ಮಗುವಿಗೇ ಕಲಿಸಿರಿ. ಹಿಟ್ಟಿನ ಬೆಲೆ ತಿಳಿಯುವುದಕ್ಕೂ ಅದೇ ಮೊದಲ ಪಾಠ.

ಆ ತಾಯಿ ಕ್ಷಣ ಯೋಚಿಸಿ, "ತಿಂಗಳಿಗೆ ಒಂದ ಬಟ್ಟಲಾ, ಹೆಚ್ಚಿಗಿಲ್ಲ" ಎಂದರು. ಸೊಸೆ ಒಪ್ಪಿದಳು. ನಮಗೂ ಅದು ನ್ಯಾಯವೆನಿಸಿತು.