ಕಡಲಮೊಲದ ಆತಿಥ್ಯ

ನಮ್ಮ ವಾಚಕರಲ್ಲೊಬ್ಬ ಗೃಹಸ್ಥರು ಹೋದ ತಿಂಗಳು ಕಾಗದ ಬರೆದು ಸಲಹೆ ಕೇಳಿರುವರು. ಅವರ ನಡುಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದುಂಟು. ಅದರಲ್ಲಿ ಕೆಲವು ಬಣ್ಣದ ಮೀನುಗಳೂ ಕಡಲಿನ ಕಲ್ಲುಗಳೂ ಇವೆ. ಈಚೆಗೆ ಆ ಕಲ್ಲುಗಳ ಮೇಲೆಲ್ಲ ಕೂದಲಿನಂಥ ಹಸುರು ಪಾಚಿ ಬೆಳೆದು, ಎಷ್ಟು ಕಿತ್ತರೂ ಮತ್ತೆ ಮತ್ತೆ ಚಿಗುರುತ್ತಿರುವುದಂತೆ. ಅಂಗಡಿಯವನು, "ಒಂದು ಕಡಲಮೊಲವನ್ನು ಕೊಂಡುಹೋಗಿ ಬಿಡಿ, ಹದಿನೈದು ದಿನಗಳಲ್ಲಿ ತೊಟ್ಟಿ ತೊಳೆದಿಟ್ಟಂತಾಗುವುದು" ಎಂದು ಹೇಳಿದನಂತೆ. ಈ ಮಾತು ನಿಜವೇ, ಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ಮಾತು ಬಹುಮಟ್ಟಿಗೆ ನಿಜವೇ. ಆದರೆ ಅಂಗಡಿಯವನು ಹೇಳದೆ ಬಿಟ್ಟದ್ದೊಂದುಂಟು: ಹದಿನಾರನೆಯ ದಿನ ಆ ಪ್ರಾಣಿಯು ಏನನ್ನು ತಿನ್ನಬೇಕು? ಇದನ್ನು ಕೇಳಿಕೊಳ್ಳದೆ ಕಡಲಮೊಲವನ್ನು ಮನೆಗೆ ತರಕೂಡದೆಂಬುದೇ ನಮ್ಮ ಈ ತಿಂಗಳ ಬಿನ್ನಹ.

ಕಡಲಮೊಲವು ಮೊಲವೂ ಅಲ್ಲ, ಮೀನೂ ಅಲ್ಲ. ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಗೋಡೆಯ ಮೇಲೆ ಹರಿದಾಡುವ ಬಸವನಹುಳುವಿಗೆ ಇದು ದೂರದ ದಾಯಾದಿ. ಬಸವನಹುಳುವಿನ ಚಿಪ್ಪು ಬೆನ್ನಿನ ಮೇಲಿದ್ದರೆ, ಇದರ ಚಿಪ್ಪು ಕುಗ್ಗಿ ಚಿಕ್ಕ ಬಿಲ್ಲೆಯಂತಾಗಿ ಮೈಯೊಳಗೆ ಅಡಗಿರುವುದು. ತಲೆಯ ಮೇಲೆ ನಿಮಿರಿ ನಿಂತ ಎರಡು ಕೊಂಬುಗಳು ಮೊಲದ ಕಿವಿಗಳಂತೆ ತೋರುವುದರಿಂದ ಈ ಹೆಸರು ಬಂದಿದೆ. ವಾಸ್ತವವಾಗಿ ಅವು ಕಿವಿಗಳಲ್ಲ. ನೀರಿನಲ್ಲಿ ಬೆರೆತ ವಾಸನೆಯನ್ನು ಗ್ರಹಿಸುವ ಅವಯವಗಳು. ಗಂಡು ಹೆಣ್ಣೆಂಬ ಭೇದ ಇವುಗಳಲ್ಲಿಲ್ಲ. ಪ್ರತಿಯೊಂದೂ ಎರಡೂ ಆಗಿರುವುದು. ರೋಮದ ಗ್ರಂಥಕರ್ತನಾದ ಪ್ಲಿನಿಯು ಕ್ರಿ. ಶ. ಮೊದಲನೆಯ ಶತಮಾನದಲ್ಲಿಯೇ ಇದನ್ನು ವಿಷಪ್ರಾಣಿಯೆಂದು ಬರೆದಿಟ್ಟನು; ಆದರೆ ಫಿಲಿಪೈನ್ಸ್ ದ್ವೀಪಗಳ ಕರಾವಳಿಯವರು ಇದರ ದಾರದಂಥ ಮೊಟ್ಟೆಗಳ ಮುದ್ದೆಯನ್ನು 'ಲುಕೋತ್' ಎಂದು ಕರೆದು ಊಟಕ್ಕೆ ಬಳಸುವರು.

ಪಾಚಿಯನ್ನು ತೆಗೆಯುವುದಕ್ಕೆಂದು ಮನೆಯ ತೊಟ್ಟಿಗಳಿಗೆ ಹೆಚ್ಚಾಗಿ ಬರುವ ಜಾತಿಯು ಹಿಂದೂಮಹಾಸಾಗರ ಮತ್ತು ಶಾಂತಸಾಗರಗಳ ಆಳವಿಲ್ಲದ ನೀರಿನಲ್ಲಿ ವಾಸಿಸುವ ದೋಲಬೆಲ್ಲಾ ಆರಿಕ್ಯುಲೇರಿಯ. ಹಸುರು ಕಂದು ಬೆರೆತ ಬಣ್ಣ, ಮೈತುಂಬ ಸಣ್ಣ ಸಣ್ಣ ಮುಳ್ಳಿನಂಥ ಚರ್ಮ, ಕತ್ತಿಯಿಂದ ಕಡಿದಂತೆ ಚಪ್ಪಟೆಯಾದ ಹಿಂಭಾಗ, ಇವು ಇದರ ಗುರುತುಗಳು. ಕಡಲಿನಲ್ಲಿ ಇದು 40 ಸೆಂಟಿಮೀಟರಿನವರೆಗೆ, ಎಂದರೆ ಹೆಚ್ಚುಕಡಿಮೆ ಒಂದು ಮೊಳದಷ್ಟು ಬೆಳೆಯಬಲ್ಲುದು. ಹಗಲು ಮರಳಿನಲ್ಲಿ ಹುದುಗಿದ್ದು, ಕತ್ತಲಾದ ಮೇಲೆ ಎದ್ದು, ಅರದಂಥ ನಾಲಿಗೆಯಿಂದ ಪಾಚಿಯನ್ನು ಹೆರೆದು ತಿನ್ನುವುದು.

ಈಗ ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುವೆವು. ಕೆಲವು ವರ್ಷಗಳ ಹಿಂದೆ ನಾವೂ ಪಾಚಿಯ ಕಾಟವನ್ನು ತಾಳಲಾರದೆ ಒಂದು ಕಡಲಮೊಲವನ್ನು ತಂದೆವು. ಮೂರು ವಾರಗಳಲ್ಲಿ ಕಲ್ಲುಗಳು ಹೊಸದಾಗಿ ಕಂಡವು. ಬಂದವರಿಗೆಲ್ಲ ತೋರಿಸಿ ಹೊಗಳಿದ್ದೇ ಹೊಗಳಿದ್ದು. ಐದನೆಯ ವಾರದಲ್ಲಿ ಅದು ಹಗಲಿನಲ್ಲಿಯೂ ಮರಳಿನಿಂದೆದ್ದು ಗಾಜಿನ ಮೇಲೆ ಅತ್ತಿಂದಿತ್ತ ಅಲೆಯತೊಡಗಿತು. ಅದನ್ನು ನಾವು ಚಟುವಟಿಕೆಯೆಂದು ತಿಳಿದು ಸಂತೋಷಪಟ್ಟೆವು. ನಮ್ಮ ತಾಯಿಯವರು ಒಂದು ಸಂಜೆ ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದು, "ಇದು ತಂದಾಗಿನ ಅರ್ಧದಷ್ಟಾಗಿದೆಯಲ್ಲಪ್ಪಾ, ಇದಕ್ಕೆ ಏನು ಹಾಕುತ್ತೀಯೆ?" ಎಂದು ಕೇಳಿದರು. "ಪಾಚಿ ತಿನ್ನುತ್ತದಮ್ಮ" ಎಂದೆವು. "ಪಾಚಿ ಎಲ್ಲಿದೆ?" ಎಂದರು. ನಾವು ಉತ್ತರ ಹೇಳಲಾರದೆ ಹೋದೆವು. ಮರುದಿನವೇ ಒಣಗಿದ ಕಡಲಪಾಚಿಯನ್ನು ತರಿಸಿದೆವಾದರೂ ಅಷ್ಟರಲ್ಲಿ ಹೊತ್ತು ಮೀರಿತ್ತು. ನಾಲ್ಕನೆಯ ದಿನ ಅದು ಸತ್ತಿತು. ಕೆಲಸ ಮಾಡಿಸಿಕೊಂಡು ಉಪವಾಸ ಕೆಡವಿದ ಮನೆಯೆಂಬ ಮಾತು ನಮಗೆ ಬಂತು. ತಾಯಿಯವರು ಆ ಮಾತನ್ನು ಆಡಲಿಲ್ಲ. ಆಡದಿದ್ದುದೇ ಹೆಚ್ಚು ನೋಯಿಸಿತು.

ಕಡಲಮೊಲದ ಮೈಯಲ್ಲಿರುವುದೆಲ್ಲವೂ ಅದು ತಿಂದ ಪಾಚಿಯಿಂದ ಬಂದದ್ದೆಂದರೆ ಹೆಚ್ಚು ತಪ್ಪಾಗದು. ಬೆದರಿದಾಗ ಅದು ನೇರಳೆಬಣ್ಣದ ಶಾಯಿಯನ್ನು ಕಕ್ಕುವುದು; ಆ ಬಣ್ಣವು ಅದು ತಿಂದ ಕೆಂಪುಪಾಚಿಯ ಬಣ್ಣದಿಂದಲೇ ಆಗುವುದು. ಇನ್ನೊಂದು ಸಂಗತಿ ಇದಕ್ಕಿಂತಲೂ ವಿಚಿತ್ರವಾದುದು. ಅಮೆರಿಕದ ರಸಾಯನಶಾಸ್ತ್ರಜ್ಞರಾದ ಜಾರ್ಜ್ ಪೆಟಿಟ್ ಎಂಬವರು ಹಿಂದೂಮಹಾಸಾಗರದ ದೋಲಬೆಲ್ಲಾದಿಂದ ಡೋಲಸ್ಟಾಟಿನ್ 10 ಎಂಬ ಉಗ್ರವಾದ ದ್ರವ್ಯವನ್ನು ಬೇರ್ಪಡಿಸಿ, 1987ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದನ್ನು ಅನುಸರಿಸಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ದ್ರವ್ಯವನ್ನೊಳಗೊಂಡ ಔಷಧವೊಂದಕ್ಕೆ, ಹಾಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರಿನ ಚಿಕಿತ್ಸೆಗಾಗಿ, 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ 2001ರಲ್ಲಿ ಅದೇ ಡೋಲಸ್ಟಾಟಿನ್ ಸಮುದ್ರದ ನೀಲಿಹಸುರು ಪಾಚಿಯೊಂದರಲ್ಲಿ ದೊರೆತು, ಕಡಲಮೊಲವು ಅದನ್ನು ತಾನೇ ತಯಾರಿಸದೆ ಆಹಾರದಿಂದ ಕೂಡಿಸಿಟ್ಟುಕೊಳ್ಳುವುದೆಂದು ತಿಳಿಯಿತು. ಉಣಿಸಿನಿಂದಲೇ ಬಣ್ಣವನ್ನೂ ಆಯುಧವನ್ನೂ ಪಡೆಯುವ ಪ್ರಾಣಿಗೆ ಉಣಿಸು ತಪ್ಪಿದರೆ ಉಳಿಯುವುದೇನು?

ಆದುದರಿಂದ ತರುವುದಕ್ಕೆ ಮೊದಲೇ ಊಟದ ಏರ್ಪಾಡಾಗಬೇಕು. ಎಣ್ಣೆ, ಉಪ್ಪು, ಮಸಾಲೆ ಯಾವುದೂ ಸೇರದ, ನೋರಿ ಎಂಬ ಹೆಸರಿನಲ್ಲಿ ಹಾಳೆಗಳಾಗಿ ಮಾರುವ ಒಣ ಕಡಲಪಾಚಿಯನ್ನು ತಂದಿಟ್ಟುಕೊಳ್ಳತಕ್ಕದ್ದು. ಅಂಗೈಯಗಲದ ತುಂಡನ್ನು ಒಂದು ಕಲ್ಲಿಗೆ ರಬ್ಬರಿನ ಬಳೆಯಿಂದ ಕಟ್ಟಿ, ದೀಪ ಆರಿಸುವ ಹೊತ್ತಿಗೆ ಅದರ ಬಳಿ ಇಳಿಬಿಡಬೇಕು; ಬೆಳಗ್ಗೆ ಉಳಿದುದನ್ನು ತೆಗೆಯಬೇಕು. ಕೆಲವು ಕಡಲಮೊಲಗಳು ಒಣಪಾಚಿಯನ್ನು ಮೂಸಿಯೂ ನೋಡವು. ಆದಕಾರಣ ತೊಟ್ಟಿಯಲ್ಲಿ ಹಸುರಿರುವಾಗಲೇ ಇದನ್ನು ರೂಢಿಮಾಡಿಸುವುದು ಲೇಸು. ಬಿಸಿಲು ಬೀಳುವ ಕಿಟಕಿಯ ಬಳಿ ಉಪ್ಪುನೀರಿನ ಒಂದು ಬಕೀಟನ್ನಿಟ್ಟು, ಅದರಲ್ಲಿ ನಾಲ್ಕಾರು ಕಲ್ಲುಗಳ ಮೇಲೆ ಪಾಚಿ ಬೆಳೆಯಗೊಟ್ಟು, ಸರದಿಯ ಮೇಲೆ ತೊಟ್ಟಿಗೆ ಹಾಕುವುದು ಅದಕ್ಕಿಂತಲೂ ಉತ್ತಮ. ಊರಿನಲ್ಲಿ ಇಂಥ ತೊಟ್ಟಿಯುಳ್ಳ ಮನೆಗಳು ಎರಡು ಮೂರಿದ್ದರೆ, ಪಾಚಿ ಮುಗಿದ ಮನೆಯಿಂದ ಪಾಚಿಯಿರುವ ಮನೆಗೆ ಕಡಲಮೊಲವನ್ನು ಕಳುಹಿಸಿಕೊಡುವ ಒಪ್ಪಂದ ಎಲ್ಲಕ್ಕಿಂತ ಸುಲಭ. ನಾವು ಎರಡನೆಯದನ್ನು ತಂದಾಗ ಹೀಗೆಯೇ ಮಾಡಿದೆವು. ಅದು ಮೂರು ಮನೆಗಳ ಅನ್ನವನ್ನುಂಡು ದಪ್ಪವಾಗಿಯೇ ಇದ್ದಿತು.

ಇನ್ನು ವಾಸದ ಮಾತು. ಇನ್ನೂರು ಲೀಟರಿಗಿಂತ ಕಡಿಮೆ ನೀರು ಹಿಡಿಯುವ ತೊಟ್ಟಿಗೂ, ಸ್ಥಾಪಿಸಿ ಕೆಲವು ತಿಂಗಳಾದರೂ ಆಗದ ತೊಟ್ಟಿಗೂ ಇದನ್ನು ಬಿಡಬಾರದು. ಅಡುಗೆಯ ಉಪ್ಪು ಇಲ್ಲಿ ಕೆಲಸಕ್ಕೆ ಬಾರದು. ಅಕ್ವೇರಿಯಂಗಳಿಗೆಂದೇ ಮಾರುವ ಸಮುದ್ರದ ಉಪ್ಪಿನ ಮಿಶ್ರಣವನ್ನು ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಿ, ನೀರಿನ ಸಾಂದ್ರತೆ 1.024ರಿಂದ 1.026ರೊಳಗಿರುವಂತೆ ನೋಡಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ನೀರನ್ನು ತಾಮ್ರದ ಕೊಡದಲ್ಲಿ ತುಂಬಿಡುವ ವಾಡಿಕೆಯುಂಟು. ನಮಗೆ ಹಿತವಾದ ಆ ನೀರು ಈ ಪ್ರಾಣಿಗೆ ವಿಷ. ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿ ಬೆರೆತರೂ ಬಸವನಹುಳುವಿನ ಕುಲದವು ತಾಳಲಾರವು. ಮೀನಿನ ರೋಗಗಳಿಗೆ ಕೊಡುವ ಔಷಧಗಳಲ್ಲಿ ಎಷ್ಟೋ ತಾಮ್ರವುಳ್ಳವು; ಅವನ್ನೂ ದೂರವಿಡಬೇಕು. ಅಂಗಡಿಯಿಂದ ತಂದೊಡನೆ ತೊಟ್ಟಿಗೆ ಸುರಿಯದೆ, ತಂದ ನೀರಿಗೆ ಸಣ್ಣ ಕೊಳವೆಯ ಮೂಲಕ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆಗಳ ಕಾಲ ಬೆರೆಸಿ, ಬಳಿಕ ಬಿಡತಕ್ಕದ್ದು. ಕೈಯಿಂದ ಹಿಡಿದು ಗಾಳಿಗೆ ಎತ್ತದೆ, ನೀರಿನ ಪಾತ್ರೆಯೊಳಗೇ ಸಾಗಿಸಬೇಕು.

ಮನೆಯ ತೊಟ್ಟಿಯಲ್ಲಿ ಹಸಿವಿನ ತರುವಾಯ ಇದಕ್ಕೆ ದೊಡ್ಡ ಮೃತ್ಯುವೆಂದರೆ ನೀರನ್ನೆಳೆಯುವ ಪಂಪು. ಮೃದುವಾದ ಮೈಯು ಅದರ ಬಾಯಿಗೆ ಸಿಕ್ಕಿ ಹರಿದುಹೋಗುವುದು. ಅದೇ ಗಾಬರಿಯಲ್ಲಿ ಕಕ್ಕಿದ ಶಾಯಿ ಮುಚ್ಚಿದ ನೀರಿನಲ್ಲಿ ಹರಡಿ ಮೀನುಗಳ ಪ್ರಾಣಕ್ಕೂ ಅಪಾಯವಾಗಬಹುದು. ಪಂಪಿನ ಬಾಯಿಗೆ ಸ್ಪಂಜಿನ ಟೋಪಿಯನ್ನು ತೊಡಿಸುವುದು ಐದು ನಿಮಿಷದ ಕೆಲಸ. ಅದನ್ನು ನಾಳೆಗೆ ಹಾಕಬಾರದು. ನೀರು ನೇರಳೆಯಾದುದನ್ನು ಕಂಡರೆ ಕೂಡಲೆ ಮೀನುಗಳನ್ನು ಬೇರೆ ಉಪ್ಪುನೀರಿಗೆ ವರ್ಗಾಯಿಸಿ, ತೊಟ್ಟಿಯ ನೀರಿನಲ್ಲಿ ಹೆಚ್ಚು ಭಾಗವನ್ನು ಬದಲಿಸಿ, ಶೋಧಕದಲ್ಲಿ ಅಕ್ವೇರಿಯಂನ ಇದ್ದಲನ್ನು ಹೊಸದಾಗಿ ತುಂಬಬೇಕು. ಇದಕ್ಕಾಗಿ ಒಂದು ಡಬ್ಬಿ ಇದ್ದಲೂ ಬೆರೆಸಿಟ್ಟ ಉಪ್ಪುನೀರೂ ಯಾವಾಗಲೂ ಸಿದ್ಧವಾಗಿರಲಿ. ಕಚ್ಚುವ ಮೀನುಗಳನ್ನೂ ದೊಡ್ಡ ಏಡಿಗಳನ್ನೂ ಇದರ ಜೊತೆಗಿಡಕೂಡದು.

ಇಷ್ಟೆಲ್ಲ ಮಾಡಿದರೂ ಕಡಲಮೊಲದ ಆಯುಸ್ಸು ಅಲ್ಪ. ಇವುಗಳಲ್ಲಿ ಅನೇಕ ಜಾತಿಗಳು ಸುಮಾರು ಒಂದು ವರ್ಷ ಮಾತ್ರ ಬದುಕುವುವು. ನಾವು ಕೊಳ್ಳುವ ವೇಳೆಗೆ ಅದರಲ್ಲಿ ಕೆಲವು ತಿಂಗಳು ಕಳೆದೇ ಇರುವುವು. ಕೊನೆಗಾಲಕ್ಕೆ ಮುಂಚೆ ಅದು ಸೇವಿಗೆಯಂಥ ಮೊಟ್ಟೆಯ ದಾರವನ್ನು ಕಲ್ಲಿಗೆ ಸುತ್ತಿಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ನೀರಿನಲ್ಲಿ ತೇಲುವ ಮರಿಗಳು ಮನೆಯ ತೊಟ್ಟಿಯಲ್ಲಿ ಬೆಳೆದು ದೊಡ್ಡವಾಗುವುದು ಅತ್ಯಪೂರ್ವ. ಸತ್ತುದನ್ನು ತಡಮಾಡದೆ ತೆಗೆಯಬೇಕು. ಇಲ್ಲವಾದರೆ ನೀರು ಕೆಡುವುದು.

ಹುಳುವಿನಂಥ ಈ ಪ್ರಾಣಿಗೆ ಇಷ್ಟು ಉಪಚಾರವೇಕೆ ಎಂದು ಕೆಲವರು ಕೇಳಬಹುದು. ಇದರ ಬಂಧುವಾದ, ಕ್ಯಾಲಿಫೋರ್ನಿಯದ ಕಡಲತೀರದ ಎಪ್ಲೀಸಿಯ ಎಂಬ ಕಡಲಮೊಲದಲ್ಲಿ ನರಕೋಶಗಳು ಸುಮಾರು 20,000 ಮಾತ್ರ; ಅವುಗಳಲ್ಲಿ ಕೆಲವು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿಯು ಅದನ್ನೇ ಆರಿಸಿಕೊಂಡು, ಮುಟ್ಟಿದಾಗ ಕಿವಿರನ್ನು ಒಳಗೆಳೆದುಕೊಳ್ಳುವ ಅದರ ಸ್ವಭಾವವನ್ನು ಪರೀಕ್ಷಿಸಿದರು. ಮೆಲ್ಲನೆ ಪದೇ ಪದೇ ಮುಟ್ಟಿದರೆ ಅದು ಹೆದರುವುದನ್ನು ಬಿಡುವುದು. ಒಮ್ಮೆ ನೋವು ತಗುಲಿದರೆ ಆಮೇಲೆ ಮೃದುಸ್ಪರ್ಶಕ್ಕೂ ಬೆದರುವುದು. ನೆನಪೆಂಬುದು ನರಕೋಶಗಳು ಒಂದನ್ನೊಂದು ಸಂಧಿಸುವೆಡೆಯ ಬದಲಾವಣೆಯಲ್ಲಿ ನೆಲೆಸುವುದೆಂದು ತೋರಿಸಿಕೊಟ್ಟುದಕ್ಕಾಗಿ ಅವರು 2000ದಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಉಪಚಾರವನ್ನೂ ನೋವನ್ನೂ ತನ್ನ ಮಟ್ಟಿಗೆ ನೆನಪಿಡಬಲ್ಲ ಜೀವವನ್ನು ಬರಿಯ ಪೊರಕೆಯೆಂದು ಎಣಿಸುವುದು ನಮಗೆ ಸರಿತೋರದು.

ಆದುದರಿಂದ ಕಾಗದ ಬರೆದ ಮಹನೀಯರಿಗೆ ನಮ್ಮ ಉತ್ತರ ಇದು: ಮೊದಲು ಬಕೀಟಿನಲ್ಲಿ ಕಲ್ಲುಗಳನ್ನಿಟ್ಟು ಪಾಚಿ ಬೆಳೆಸಿರಿ, ಪಂಪಿಗೆ ಸ್ಪಂಜು ಕಟ್ಟಿರಿ, ಬಳಿಕ ಕಡಲಮೊಲವನ್ನು ಕರೆತನ್ನಿರಿ. ಇಷ್ಟಕ್ಕೆ ಬಿಡುವಿಲ್ಲವೆಂದು ತೋರಿದರೆ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಹಿಡಿದು ಪಾಚಿಯನ್ನು ನೀವೇ ಉಜ್ಜಿ ತೆಗೆಯಿರಿ. ಬ್ರಷ್ಷಿಗೆ ಹದಿನಾರನೆಯ ದಿನ ಹಸಿವಾಗುವುದಿಲ್ಲ.