ಫ್ಯಾನ್ ಕಿರುಚಿದ್ರೆ ಡಬ್ಬಾನೇ ಎಸೀಬೇಕಾ? (ಲೆಕ್ಕ ಹಾಕೋಣ ಬನ್ನಿ, ಭಾಗ 6)

ಮನೇಲಿ ಹಳೇ ಡೆಸ್ಕ್‌ಟಾಪ್ ಇಟ್ಕೊಂಡು ಟ್ಯಾಲಿ ಕಲೀತಿರೋರೆಲ್ಲಾ ಪೂರ್ತಿ ಓದಿ 👇

ಆನ್ ಮಾಡಿದ ತಕ್ಷಣ ಸಿಪಿಯು ಹಿಂದೆಯಿಂದ "ಗರ್ರ್" ಅಂತ ಸೌಂಡ್ ಬರುತ್ತಲ್ಲ, ಎಷ್ಟೋ ಸಲ ಅದು ಎಸ್‌ಎಂಪಿಎಸ್ ಒಳಗಿನ ಫ್ಯಾನ್. ಅಂಗಡಿಗೆ ತಗೊಂಡೋದ್ರೆ ಮೊದಲ ಮಾತೇ "ಎಸ್‌ಎಂಪಿಎಸ್ ಹೋಗಿದೆ, ಹೊಸದು ಹಾಕ್ಸಿ". ಚಪ್ಪಲಿ ಉಂಗುಷ್ಟ ಕಿತ್ತೋದ್ರೆ ಹೊಲಿಸ್ತೀವಿ, ಜೋಡೀನೇ ಎಸೆಯಲ್ಲ. ಇಲ್ಲೂ ಅದೇ ನ್ಯಾಯ ಇರಲಿ ಅನ್ನೋದು ನನ್ನ ವಾದ.

ನಮ್ಮ ಕಡೆ ಧೂಳಿಗೇನು ಬರವಾ? ಪಾಂಡವಪುರದ ಆಲೆಮನೆ ಬೂದಿ, ಶ್ರೀರಂಗಪಟ್ಟಣದ ಹೈವೇ ಧೂಳು, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಒಣಮಣ್ಣು. ಇದೆಲ್ಲಾ ಫ್ಯಾನ್ ರೆಕ್ಕೆ ಮೇಲೆ ಕೂತು ತೂಕ ಏರುಪೇರಾಗುತ್ತೆ, ಬೇರಿಂಗ್ ಎಣ್ಣೆ ಒಣಗುತ್ತೆ. ಕಿರುಚೋದು ಫ್ಯಾನ್ ಮಾತ್ರ. ಒಳಗಿನ ಬೋರ್ಡ್ ಗಟ್ಟಿಯಾಗೇ ಇರಬಹುದು.

⚠️ ಹಾಗಂತ ಯೂಟ್ಯೂಬ್ ನೋಡ್ಕೊಂಡು ನೀವೇ ಸ್ಕ್ರೂಡ್ರೈವರ್ ಹಿಡೀಬೇಡಿ. ಗೋಡೆಯಿಂದ ಬರೋ 230 ವೋಲ್ಟ್ ಎಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂರುತ್ತೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಜೀವಕ್ಕೇ ಅಪಾಯ ಕಣ್ರೋ. ಸೌಂಡ್ ನಿಲ್ಲಿಸೋಕೆ ಅಂತ ಫ್ಯಾನ್ ವೈರ್ ಕಿತ್ತು ಓಡಿಸೋದಂತೂ ಬೇಡ್ವೇ ಬೇಡ, ಬಿಸಿಗೆ ಇಡೀ ಡಬ್ಬಾ ಹೋಗುತ್ತೆ.

ಕೆಲಸ ಗೊತ್ತಿರೋರ ಹತ್ರ ಹೋಗಿ ಹೀಗೆ ಕೇಳಿ:
✅ ಅದೇ ಸೈಜ್ (80 ಅಥವಾ 120 ಎಂಎಂ), ಅದೇ ದಪ್ಪ
✅ 12 ವೋಲ್ಟ್, ಹಳೇದರಷ್ಟೇ ಗಾಳಿ ಎಳೆಯೋದು
✅ ಸಿಕ್ಕರೆ ಬಾಲ್ ಬೇರಿಂಗ್, ಬಾಳಿಕೆ ಜಾಸ್ತಿ
✅ ಗಾಳಿ ಹೋಗೋ ದಿಕ್ಕು ಹಳೇದರ ಹಾಗೇ

ಅಂಗಡಿಯವರ ಕಡೆನೂ ನ್ಯಾಯ ಇದೆ. ಬಿಚ್ಚಿ, ಕ್ಲೀನ್ ಮಾಡಿ, ಕೆಲವು ಸಲ ಬೆಸುಗೆ ಹಾಕಿ ಕೊಡೋಕೆ ಹೊತ್ತು ಹಿಡಿಯುತ್ತೆ. ಹೊಸ ಡಬ್ಬಾ ಹಾಕೋದು ಐದು ನಿಮಿಷದ ಕೆಲಸ. ನಾವೋ, ಸಾಮಾನಿಗೆ ಕೇಳಿದಷ್ಟು ಕೊಟ್ಟು, ಕೈಕೆಲಸದ ಕೂಲಿಗೆ ಮಾತ್ರ ಚೌಕಾಸಿ ಮಾಡ್ತೀವಿ. ಹಿಂಗಾದ್ರೆ ರಿಪೇರಿ ಬಲ್ಲವನು ನಮ್ಮ ತಾಲೂಕಲ್ಲಿ ಯಾಕೆ ಉಳೀತಾನೆ ಹೇಳಿ? ಆಮೇಲೆ ಒಂದು ಫ್ಯಾನ್‌ಗೂ ಮೈಸೂರಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಬಸ್ ಹತ್ತಬೇಕು. ಕೂಲಿ ಕೊಡೋಣ, ಆಮೇಲೆ ಧೈರ್ಯವಾಗಿ "ಫ್ಯಾನ್ ಮಾತ್ರ" ಅಂತ ಕೇಳೋಣ.

ಬಿಕಾಂನವರಿಗೆ ಒಂದು ಮಾತು. 2013ರ ಕಂಪನಿ ಕಾಯ್ದೆ ಪ್ರಕಾರ ಡೆಸ್ಕ್‌ಟಾಪ್‌ನ ಆಯಸ್ಸು 3 ವರ್ಷ. ಅದು ಸವಕಳಿ ಲೆಕ್ಕಕ್ಕೆ. ಪುಸ್ತಕದಲ್ಲಿ ಬೆಲೆ ಇಳಿದ ಮಾತ್ರಕ್ಕೆ ಮೇಜಿನ ಮೇಲಿರೋ ಮೆಷಿನ್ ಸಾಯಲ್ಲ.

ಸುಟ್ಟ ವಾಸನೆ ಬಂದ್ರೆ, ಕೆಪಾಸಿಟರ್ ತಲೆ ಉಬ್ಬಿದ್ರೆ ಮಾತ್ರ ಚೌಕಾಸಿ ಬೇಡ, ಹೊಸದೇ ಹಾಕ್ಸಿ. ವಾರಂಟಿ ಇದ್ರೆ ಬಿಚ್ಚಿಸಲೇಬೇಡಿ. ಹಳೇದನ್ನ ತಿಪ್ಪೆಗೆ ಎಸೀಬೇಡಿ, ಅದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಅದಕ್ಕೆ ಹೊಸ ನಿಯಮಗಳೇ ಜಾರಿಯಲ್ಲಿವೆ.

ನಿಮ್ಮೂರಲ್ಲಿ ಫ್ಯಾನ್ ಮಾತ್ರ ಬದಲಾಯಿಸಿ ಕೊಡೋರು ಇದ್ದಾರಾ? ಯಾವ ಊರು ಅಂತ ಕಾಮೆಂಟ್ ಹಾಕಿ, ಫ್ರೆಂಡ್ಸ್‌ಗೂ ಗೊತ್ತಾಗ್ಲಿ 🙌

#ಲೆಕ್ಕಹಾಕೋಣಬನ್ನಿ #ರಿಪೇರಿಮೊದಲು #ನಮ್ಮಮಂಡ್ಯ #ಬಿಕಾಂಬಳಗ